ಕಲ್ಲಚ್ಚಿನ ಮುಂದೆ ಒಂದು ಗುಂಪು

ನಿನ್ನೆ ಅಕ್ಕನ ಮಗಳ ಕಾಲೇಜಿನ ತಂಡದೊಂದಿಗೆ ಮಂಗಳೂರಿನಲ್ಲಿ ಹಳೆಯ ಮುದ್ರಣ ಸಾಮಗ್ರಿಗಳ ಸಂಗ್ರಹವೊಂದನ್ನು ನೋಡಿ ಬಂದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ತನ್ನ ಮುದ್ರಣಾಲಯವನ್ನು 1841ರಲ್ಲಿ ಇದೇ ಊರಿನಲ್ಲಿ ಆರಂಭಿಸಿತೆಂಬುದೂ, ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದುದರಿಂದಲೇ ಆ ದಿನ ನಮಗೆ ಪತ್ರಿಕಾ ದಿನವಾಯಿತೆಂಬುದೂ ನನಗೆ ಮೊದಲೇ ತಿಳಿದಿತ್ತು. ತಿಳಿಯದಿದ್ದುದು ಆ ಕಲ್ಲಿನ ಕೆಲಸ. ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿದ ಸುಣ್ಣಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮೇಲೆ ಶಾಯಿಯ ರೋಲರ್ ಉರುಳಿಸಿದರೆ, ಒದ್ದೆಯಾದ ಭಾಗ ಶಾಯಿಯನ್ನು ದೂರವಿಡುತ್ತದೆ, ಜಿಡ್ಡಿರುವ ಅಕ್ಷರ ಮಾತ್ರ ಅದನ್ನು ಹಿಡಿದುಕೊಳ್ಳುತ್ತದೆ.

ಆದರೆ ಗುಂಪಿನ ಭೇಟಿಗೊಂದು ತೊಡಕಿದೆ. ವಿವರಿಸುತ್ತಿದ್ದ ಹಿರಿಯರು ಸೀಸದ ಮೊಳೆಯೊಂದನ್ನು (ಪುಟಕ್ಕೆ ಜೋಡಿಸುವ ಬಿಡಿ ಅಕ್ಷರದ ಅಚ್ಚು) ಬೆರಳ ತುದಿಯಲ್ಲಿ ಎತ್ತಿ ಹಿಡಿದಾಗ ಮುಂದಿನ ಐದಾರು ಮಂದಿಗಷ್ಟೇ ಅದು ಕಂಡಿತು. ಹಿಂದಿದ್ದವರು ಮೊಬೈಲ್ ಮೇಲೆತ್ತಿ ಚಿತ್ರ ತೆಗೆದು ಮುಂದೆ ಸಾಗಿದರು. ಹತ್ತು ಹತ್ತು ಮಂದಿಯನ್ನಷ್ಟೇ ಒಳಗೆ ಬಿಟ್ಟರೆ ಲೇಸೆಂದು ನನಗನಿಸಿತು (ಹಾಗೆ ಮಾಡಿದ್ದರೆ ಬಸ್ಸಿನ ಚಾಲಕರು ಸಂಜೆಯವರೆಗೆ ಕಾಯಬೇಕಾಗುತ್ತಿತ್ತು, ನಿಜ).

ಕೊನೆಗೆ ನಾನೊಬ್ಬಳೇ ಹಿಂದುಳಿದು ಮೊಳೆಗಳ ಪೆಟ್ಟಿಗೆಯನ್ನು ನೋಡುತ್ತ ನಿಂತೆ. ಕಾಗುಣಿತಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಮೊಳೆಗಳು ಬೇಕಾದ ನಮ್ಮ ಲಿಪಿಯಲ್ಲಿ, ಎಲ್ಲವನ್ನೂ ಕನ್ನಡಿಯ ಬಿಂಬದಂತೆ ತಿರುವಿ ಓದುತ್ತ ಪುಟ ಕಟ್ಟಿದವರ ಕಣ್ಣುಗಳನ್ನು ನೆನೆದೆ. ಅಷ್ಟರಲ್ಲಿ ಹೊರಗಿನಿಂದ ‘ಚಿಕ್ಕಮ್ಮಾ, ಬಸ್ ಹೊರಟಿತು’ ಎಂಬ ಕೂಗು ಕೇಳಿಸಿತು.