ರಿಪೀಟ್ ಪ್ಯಾಕ್ಸ್ ಫೈಲಿನ ಕಥೆ

ನಮ್ಮ ಆಫೀಸಿನ ಸಾಫ್ಟ್‌ವೇರ್‌ನಲ್ಲಿ ‘ಫಾಸ್ಟ್ ಟ್ರ್ಯಾಕ್’ ಅಂತ ಒಂದು ಹಸಿರು ಬಟನ್ ಇದೆ. ರಿಪೀಟ್ ಪ್ಯಾಕ್ಸ್, ಅಂದರೆ ಹಿಂದೆ ನಮ್ಮಲ್ಲೇ ಟಿಕೆಟ್ ಮಾಡಿಸಿದ ಪ್ರಯಾಣಿಕರು, ಬಂದರೆ ಅದನ್ನು ಒತ್ತಬೇಕು. ಹಿಂದಿನ ಸಲದ ಚೆಕ್‌ಲಿಸ್ಟ್ ಟಿಕ್ ಮಾರ್ಕುಗಳ ಸಮೇತ ಹೊಸ ಫೈಲಿಗೆ ಬಂದು ಕೂರುತ್ತದೆ. ಸಾಹೇಬರಿಗೆ ಆ ಬಟನ್ ಅಂದರೆ ಪ್ರಾಣ. ಸೋಮವಾರದ ಮೀಟಿಂಗ್‌ನಲ್ಲಿ ಯಾರು ಎಷ್ಟು ಫೈಲ್ ಫಾಸ್ಟ್ ಟ್ರ್ಯಾಕ್ ಮಾಡಿದರು ಅಂತ ಬೋರ್ಡ್ ಮೇಲೆ ಬರೆಯುತ್ತಾರೆ. ಆ ಬೋರ್ಡಿನಲ್ಲಿ ನನ್ನ ಹೆಸರು ಮೇಲೇ ಇರುತ್ತಿತ್ತು.

ಬೆಳಗಾವಿಯಲ್ಲಿ ಟ್ರಾವೆಲ್ ಡೆಸ್ಕ್ ಅಂದರೆ ಉಮ್ರಾ ಗ್ರೂಪು, ಗಲ್ಫ್ ಟಿಕೆಟು, ಹೊರಗೆ ಎಂಬಿಬಿಎಸ್ ಓದುವ ಹುಡುಗರು. ಕ್ರೈಸ್ತ ಮಿಷನ್ ಕಡೆಯ ಫೈಲ್ ಅಪರೂಪ. ಈ ಕುಟುಂಬ ಗುಳೇದಗುಡ್ಡದ್ದು. ಗಂಡ ಹೆಂಡತಿ ಇಬ್ಬರೂ ಉತ್ತರ ಘಾನಾದ ತಮಾಲೆಯಲ್ಲಿ ಮಿಷನ್ ಕೆಲಸದಲ್ಲಿದ್ದವರು. ದೊಡ್ಡ ಮಗಳು ಬೆಳೆದದ್ದೇ ಅಲ್ಲಿ. ವರ್ಷಕ್ಕೂ ಜಾಸ್ತಿ ಫರ್ಲೋ, ಅಂದರೆ ದೀರ್ಘ ರಜೆ, ಮೇಲೆ ಊರಲ್ಲಿದ್ದರು. ಆಗಲೇ ಎರಡನೆಯದು, ಗಂಡು ಕೂಸು ಹುಟ್ಟಿತು. ಈಗ ವಾಪಸ್ ಹೋಗಬೇಕು. ನಾನು ಹಸಿರು ಬಟನ್ ಒತ್ತಿದೆ. ಮೂವರ ಯೆಲ್ಲೋ ಫೀವರ್ ಕಾರ್ಡಿಗೂ (ಹಳದಿ ಜ್ವರದ ಲಸಿಕೆ ಆಗಿದೆ ಅನ್ನುವ ಸರ್ಟಿಫಿಕೇಟು) ಟಿಕ್ ಬಂತು. ಅದರಲ್ಲಿ ತಪ್ಪಿಲ್ಲ. 2016ರಿಂದ ಆ ಸರ್ಟಿಫಿಕೇಟು ಜೀವನಪೂರ್ತಿ ನಡೆಯುತ್ತದೆ. ಕೂಸನ್ನು ಐಎನ್‌ಎಫ್, ಅಂದರೆ ಸೀಟಿಲ್ಲದೆ ಮಡಿಲಲ್ಲಿ ಕೂರುವ ಶಿಶು, ಅಂತ ಸೇರಿಸಿದೆ. ಘಾನಾ ಕಾರ್ಡ್ ಕೇಳುವುದು 9 ತಿಂಗಳು ತುಂಬಿದವರಿಗೆ. ಕೂಸಿಗೆ ಇನ್ನೂ ತುಂಬಿರಲಿಲ್ಲ. ಟಿಕೆಟ್ ಇಶ್ಯೂ ಆಯಿತು. ಬೆಂಗಳೂರು, ಆಡಿಸ್ ಅಬಾಬಾ, ಅಕ್ರಾ.

ಆಮೇಲೆ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ತಡವಾಯಿತು. ಇವರು ಊರಲ್ಲಿದ್ದಾಗ ಹಳೆಯದರ ಅವಧಿ ಮುಗಿದಿತ್ತು. ಪರ್ಮಿಟ್ ಬಂದ ಮೇಲೆ ಡೇಟ್ ಮುಂದೆ ಹಾಕಿದೆ. ರೀಇಶ್ಯೂ ಅಂದರೆ ನಮಗೆ ಪೆನಾಲ್ಟಿ, ಫೇರ್ ಡಿಫರೆನ್ಸ್, ಹೊಸ ಟಿಕೆಟ್ ನಂಬರ್, ಅಷ್ಟೇ. ಚೆಕ್‌ಲಿಸ್ಟ್ ಮತ್ತೆ ಯಾರೂ ತೆರೆಯಲ್ಲ. ತೆರೆದರೆ ಫೈಲ್ ಫಾಸ್ಟ್ ಟ್ರ್ಯಾಕ್‌ನಿಂದ ಹೊರಗೆ ಬೀಳುತ್ತದೆ, ಬೋರ್ಡಿನ ಲೆಕ್ಕದಿಂದಲೂ ಹೋಗುತ್ತದೆ.

ಹೊರಡುವುದಕ್ಕೆ ಎರಡು ವಾರವೂ ಇರಲಿಲ್ಲ. ಆ ಅಕ್ಕ ಬ್ಯಾಗೇಜ್ ಕೇಳೋಕೆ ಫೋನ್ ಮಾಡಿದರು. ರೊಟ್ಟಿ ಹಂಚು ಒಯ್ಯಬೇಕಂತೆ. “ಅಲ್ಲೂ ಜೋಳ ಬೆಳೀತಾರ್ರಿ. ಹಂಚು ಸಿಗಂಗಿಲ್ಲ. ನಮ್ದು ಬರೂ ಮುಂದ ಬಾಜೂ ಮನ್ಯಾಕಿಗೆ ಕೊಟ್ಟು ಬಂದೇವಿ. ಈಗ ಹೋಗಿ ಹೆಂಗ ವಾಪಸ್ ಕೇಳೂದು?” ಕಬ್ಬಿಣದ ಹಂಚನ್ನು ಹ್ಯಾಂಡ್ ಬ್ಯಾಗಿನಲ್ಲಿ ಬಿಡಲ್ಲ, ಚೆಕ್-ಇನ್‌ನಲ್ಲಿ ಹಾಕಿ ಅಂದೆ. ಹಿಂದೆ ಕೂಸು ಒಂದೇ ಸಮನೆ ಅಳುತ್ತಿತ್ತು. “ನಿನ್ನೆ ಒಂಬತ್ತು ತಿಂಗಳ ಸೂಜಿ ಹಾಕಿಸೇವ್ರಿ. ಮೈ ಬೆಚ್ಚಗೈತಿ.”

ಒಂಬತ್ತು ತಿಂಗಳು. ಫೋನ್ ಇಟ್ಟು ಪಿಎನ್‌ಆರ್ ತೆರೆದು ಕೂಸು ಹುಟ್ಟಿದ ತಾರೀಕು ನೋಡಿದೆ. ಬುಕಿಂಗ್ ದಿನಕ್ಕೆ ಲೆಕ್ಕ ಸರಿ ಇತ್ತು, ಹೊರಡುವ ದಿನಕ್ಕೆ ಇರಲಿಲ್ಲ. ಬೆಂಗಳೂರು ಕೌಂಟರಿನವರು ಟಿಮ್ಯಾಟಿಕ್ (ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ತೋರಿಸುವ ವ್ಯವಸ್ಥೆ) ನೋಡಿದ ಕೂಡಲೇ ವಿಮಾನ ಹತ್ತಿಸದೆ ಆಫ್‌ಲೋಡ್ ಮಾಡುತ್ತಾರೆ.

ಬೆಂಗಳೂರಿಗೆ ಕಳಿಸಿ ನಾಳೆಯೇ ಲಸಿಕೆ ಹಾಕಿಸಿದರೆ ಆಯ್ತು ಅಂದುಕೊಂಡೆ. ಲಸಿಕೆಯಾಗಿ 10 ದಿನಕ್ಕೆ ಕಾರ್ಡ್ ಚಾಲ್ತಿಗೆ ಬರುತ್ತದೆ. ದಿನ ಸಾಲುತ್ತಿತ್ತು. ನಮ್ಮ ಪರಿಚಯದ ಮಕ್ಕಳ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಮೊದಲು ಕೇಳಿದ್ದು, “ನಿನ್ನೆ ಹಾಕಿದ್ದು ಯಾವ ಸೂಜಿ?” ದಡಾರ-ರುಬೆಲ್ಲಾ. “ಅದೂ ಜೀವಂತ ಲಸಿಕೆ, ಇದೂ ಜೀವಂತ ಲಸಿಕೆ. ಎರಡೂ ಒಂದೇ ದಿನ ಹಾಕಿದ್ರ ನಡೀತಿತ್ತು. ಈಗ ನಾಕು ವಾರ ಬಿಡ್ಬೇಕು.” ಆ ಸೂಜಿಗಿಂತ ಮುಂಚೆ ಗೊತ್ತಾಗಿದ್ದರೆ! 28 ದಿನ, ಮೇಲೆ 10 ದಿನ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದೆ. ಮಗಳ ಶಾಲೆ ಶುರುವಾಗಿ ವಾರಗಳು ಕಳೆದ ಮೇಲೆ ಬರುವ ತಾರೀಕು ಅದು.

ಆ ತಾರೀಕಿನ ವಿಮಾನದಲ್ಲಿ ಅದೇ ಫೇರ್ ಕ್ಲಾಸಿಗೆ 4 ಸೀಟ್ ತೋರಿಸುತ್ತಿತ್ತು. ನಮಗೆ ಬೇಕಾದದ್ದು 3. ಸಾಹೇಬರನ್ನು ಕೇಳದೆ ರೀಇಶ್ಯೂ ಮಾಡುವಂತಿಲ್ಲ. ಸಾಹೇಬರು ಇನ್ನೊಂದು ಕಾಲ್‌ನಲ್ಲಿದ್ದರು. ಗಾಜಿನಾಚೆಯಿಂದ ಕೈ ಮಾಡಿದೆ. ಕೈ ಎತ್ತಿ ‘ಎರಡು ನಿಮಿಷ’ ಅಂದರು. ರಿಫ್ರೆಶ್ ಮಾಡಿದೆ. 3. ಒಂದು ಹೋದರೂ ಮೇಲಿನ ಫೇರ್‌ಗೆ ಹಾರುತ್ತದೆ. ಎದ್ದು ಒಳಗೇ ನುಗ್ಗಿದೆ.

ಕೇಳಿಸಿಕೊಂಡು ಅವರು ಹೇಳಿದ್ದು: “ಅದಕ್ಯಾಕ ಇಷ್ಟು? ಡಾಕ್ಟರ್ ಕಡೆ ಒಂದು ಎಕ್ಸೆಂಪ್ಶನ್ ಲೆಟರ್ ತಗೋ. ಕೂಸಿನ ಕಾರ್ಡ್ ಯಾರ್ ನೋಡ್ತಾರ?” ಲಸಿಕೆ ಮೈಗೆ ಆಗದವರಿಗೆ ಅಂಥ ಲೆಟರಿಗೂ ನಿಯಮದಲ್ಲಿ ಜಾಗ ಇದೆ ನಿಜ. ಡಾಕ್ಟರಿಗೆ ಮತ್ತೆ ಹಚ್ಚಿದೆ. “ಕೂಸಿಗೆ ತತ್ತಿ ಅಲರ್ಜಿ ಐತೇನು? ಇಲ್ಲ. ಮತ್ತ ನಾ ಏನಂತ ಬರೀಲಿ, ಟಿಕೆಟ್ ತುಟ್ಟಿ ಐತಿ ಅಂತ ಬರೀಲೇನು?”

ಕೊನೆಗೆ ಗಂಡನನ್ನೇ ಕಾನ್ಫರೆನ್ಸಿಗೆ ಹಾಕಿದೆ. ಸಾಹೇಬರು ಲೆಟರ್ ಮಾತೇ ಆಡಿದರು. ಆ ಮನುಷ್ಯ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. “ಬ್ಯಾಡ್ರಿ” ಅಂದರು. “ಬಾಸೆಲ್ ಮಿಷನ್ನಿನವ್ರು ನಮ್ಮೂರಿಗೆ ಬಂದದ್ದು 1851ರಾಗ. ಅದಕ್ಕಿಂತ ಮೊದಲ, 1828ರಾಗ ಘಾನಾಕ್ಕ ನಾಕು ಮಂದಿ ಹೋಗಿದ್ರು. ವರ್ಷ ತುಂಬೂದ್ರಾಗ ಮೂರು ಮಂದಿ ತೀರಿದ್ರು. 1831ಕ್ಕ ನಾಕನೆಯವ್ರೂ ಹೋದ್ರು. ಅವ್ರಿಗೆ ಸೂಜಿ ಇರ್ಲಿಲ್ಲ. ನಮ್ಮ ಕೂಸಿಗೆ ಐತಿ.” ಒಬ್ಬರು ಮೊದಲು ಹೋಗಿ ಮಗಳನ್ನು ಶಾಲೆಗೆ ಸೇರಿಸಿ ಅಂತ ನಾನು ಹೇಳಿ ನೋಡಿದೆ. ಅದಕ್ಕೂ ಒಪ್ಪಲಿಲ್ಲ. ನಾಲ್ಕೂ ಜನ ಕೂಡೇ.

ರೀಇಶ್ಯೂ ಹೊಡೆದೆ. ಮೂರೂ ಸೀಟ್ ಸಿಕ್ಕವು. ಟಿಕೆಟ್ ನಂಬರ್ ಬರುವ ತನಕ ಉಸಿರು ಬಿಡಲಿಲ್ಲ.

ನಾಲ್ಕು ವಾರದ ಮೇಲೆ ಬೆಂಗಳೂರಲ್ಲಿ ಕೂಸಿಗೆ ಲಸಿಕೆಯಾಯಿತು. ಅಲ್ಲಿನ ಡಾಕ್ಟರ್ ಅವರಿಗೊಂದು ಸಂಗತಿ ಹೇಳಿದರಂತೆ. ಈ ಲಸಿಕೆಗೆ ಮೂಲವಾದ ವೈರಸ್ ಸಿಕ್ಕಿದ್ದು 1927ರಲ್ಲಿ, ಅದೇ ಘಾನಾದ ಅಸಿಬಿ ಅನ್ನುವವನ ರಕ್ತದಲ್ಲಿ. ಅದನ್ನು ದುರ್ಬಲಗೊಳಿಸಿ ಮಾಡಿದ ತಳಿಯೇ ಇಂದಿಗೂ ಸೂಜಿಯಲ್ಲಿ ಹೋಗುವುದು.

ಅಲ್ಲಿ ತಲುಪಿದ ಮೇಲೆ ಅಕ್ಕನ ವಾಯ್ಸ್ ಮೆಸೇಜ್ ಬಂತು. ಇವರಿದ್ದ ಮನೆಗೆ ಬೇರೆಯವರು ಬಂದಿದ್ದಾರೆ. ಈಗ ಊರ ಹೊರಗಿನ ಮನೆ. ಮಗಳು ಅಲ್ಲಿನ ಭಾಷೆ ದಗ್ಬಾನಿ ಮರೆತಿದ್ದಾಳೆ. ಹಳೇ ಗೆಳತಿಯರು ಮಾತಾಡಿಸಿದರೆ ಕನ್ನಡದಲ್ಲಿ ಉತ್ತರ ಕೊಟ್ಟು ನಗಿಸಿಕೊಳ್ಳುತ್ತಾಳೆ. ತಡವಾಗಿ ಸೇರಿದ್ದಕ್ಕೆ ಕೊನೆಯ ಬೆಂಚು. ‘ಹೊಸದಾಗಿ ಬಂದಾಗ ಎಲ್ಲಾರೂ ಕೇಳ್ತಿದ್ರು, ಏನ್ ಬೇಕು ಅಂತ. ಈಗ ಯಾರೂ ಕೇಳಂಗಿಲ್ರಿ. ಇವ್ರಿಗೆ ಎಲ್ಲಾ ಗೊತ್ತೈತಿ ಅಂತ ಬಿಟ್ಟಾರ.’ ಹಂಚು ಮಾತ್ರ ಸುರಕ್ಷಿತವಾಗಿ ಮುಟ್ಟಿದೆಯಂತೆ.

ನಮ್ಮ ಸಾಫ್ಟ್‌ವೇರೂ ಹಾಗೇ ಅಂದುಕೊಳ್ಳುತ್ತದೆ ಅಲ್ವಾ? ಮೊದಲ ಸಲ ಹೊರಡುವವನು ದಿನಕ್ಕೆ ಹತ್ತು ಪ್ರಶ್ನೆ ಕೇಳಿ ತಲೆ ತಿನ್ನುತ್ತಾನೆ, ಅದರಲ್ಲೇ ಅರ್ಧ ತಪ್ಪು ಸಿಕ್ಕಿಬೀಳುತ್ತವೆ. ವಾಪಸ್ ಹೋಗುವವರು ಏನೂ ಕೇಳಲ್ಲ, ನಾವೂ ಕೇಳಲ್ಲ. ಪರ್ಮಿಟ್, ಮನೆ, ಶಾಲೆ, ಕೂಸು ಎಲ್ಲ ಬದಲಾಗಿರುತ್ತದೆ, ಟಿಕ್ ಮಾತ್ರ ಹಳೆಯದು. ಈಗ ನಾನು ಡೇಟ್ ಬದಲಾದ ಪ್ರತಿ ಫೈಲಿನಲ್ಲೂ ಮಕ್ಕಳ ವಯಸ್ಸನ್ನು ಹೊರಡುವ ದಿನಕ್ಕೆ ಮತ್ತೆ ಲೆಕ್ಕ ಹಾಕುತ್ತೇನೆ, ಅದೂ ಪೆನ್ನಿನಲ್ಲಿ. ರೀಇಶ್ಯೂ ಆದಾಗ ಚೆಕ್‌ಲಿಸ್ಟ್ ಖಾಲಿ ಆಗುವಂತೆ ಮಾಡಿ ಅಂತ ವೆಂಡರ್‌ಗೆ ಮೇಲ್ ಹಾಕಿದ್ದೆ. ‘ಫೀಚರ್ ರಿಕ್ವೆಸ್ಟ್ ನೋಂದಾಯಿಸಲಾಗಿದೆ’ ಅಂತ ಉತ್ತರ ಬಂತು. ಬೋರ್ಡಿನಲ್ಲಿ ನನ್ನ ಹೆಸರು ಕೆಳಗೆ ಇಳಿದಿದೆ. ಎರಡನೇ ರೀಇಶ್ಯೂ ದುಡ್ಡನ್ನು ಅವರಿಂದ ತಗೊಳ್ಳಲಿಲ್ಲ, ಅದು ಸರಿಯೇ. ಆದರೆ ಅಕೌಂಟ್ಸ್‌ನವರು ಅದನ್ನು ಪೂರ್ತಿ ನನ್ನ ಇನ್ಸೆಂಟಿವ್ ಶೀಟಿನಲ್ಲಿ ಮೈನಸ್ ಹಾಕಿ ಕೂತಿದ್ದಾರೆ. ಅರ್ಧ ಆ ಹಸಿರು ಬಟನ್ ತಂದವರ ಪಾಲಿಗೆ ಹೋಗಬೇಕು ಅಂತ ಮುಂದಿನ ರಿವ್ಯೂನಲ್ಲಿ ಕೇಳುವವನಿದ್ದೇನೆ.