ಹಾಂಗ್ ಕಾಂಗ್: ಟಿಕೆಟ್ ಕೊಂಡು ಬಂದ ಕಡಲ್ಗಳ್ಳರು

ಹಗ್ಗ ಎಸೆದು ಹಡಗು ಹತ್ತುವ ಕಡಲ್ಗಳ್ಳರನ್ನು ಸಿನಿಮಾದಲ್ಲಿ ಬೇಕಾದಷ್ಟು ನೋಡಿದ್ದೇವೆ. 1920ರ ದಶಕದಲ್ಲಿ ಹಾಂಗ್ ಕಾಂಗ್ ಸುತ್ತ ಇದ್ದವರ ವರಸೆಯೇ ಬೇರೆ. ಟಿಕೆಟ್ ಕೊಂಡು, ಎಲ್ಲರ ಜೊತೆ ಗಂಟು ಮೂಟೆ ಹೊತ್ತು ಹತ್ತುತ್ತಿದ್ದರು. ದಡ ದೂರವಾದ ಮೇಲೆ ಪಿಸ್ತೂಲು ಹೊರಗೆ. ಹಡಗನ್ನು ಹತ್ತಿರದ ಚೀನಾ ಕರಾವಳಿಯ ಬಯಾಸ್ ಕೊಲ್ಲಿಗೆ ತಿರುಗಿಸಿ, ಲೂಟಿ ಸಮೇತ ಇಳಿದು ಮಾಯವಾಗುತ್ತಿದ್ದರು.

ಪೀಕ್ ಬೆಟ್ಟ, ಡಿಸ್ನಿಲ್ಯಾಂಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ಬೆಟ್ಟದ ತುದಿಗೆ ಹೋಗಿ ಮಾಲ್ ನೋಡೋದು ನನಗಂತೂ ಸೇರಲಿಲ್ಲ. ಮನಸ್ಸು ನಿಂತದ್ದು ಸೆಂಟ್ರಲ್ ಎಂಬ ಪ್ರದೇಶದ 8ನೇ ಫೆರಿ ಕಟ್ಟೆಯ ಮೇಲಿರುವ ಕಡಲ ಮ್ಯೂಸಿಯಂನಲ್ಲಿ. ಅಲ್ಲಿ ಸುಮಾರು 18 ಮೀಟರ್ ಉದ್ದದ ಚಿತ್ರಸುರುಳಿ ಇದೆ. 1809-10ರಲ್ಲಿ ಚೀನಾದ ಅಧಿಕಾರಿಗಳು ಕಡಲ್ಗಳ್ಳರನ್ನು ಬಗ್ಗಿಸಿದ ಕಥೆ. ಚೆಂದ ಅಂದ್ರೆ ಚೆಂದ. ಆದರೆ ಜೊತೆಗಿದ್ದ ಭಾವನ ತಲೆ ಪೂರ್ತಿ ಸ್ಟೀಮರ್ ಕಾಲದಲ್ಲಿ. ಸುರತ್ಕಲ್‌ನವರು, ಹಡಗಿನ ಚೀಫ್ ಎಂಜಿನಿಯರ್ ಆಗಿ ರಿಟೈರ್ ಆದವರು. ಸೊಮಾಲಿಯಾ ಬದಿಯಲ್ಲಿ ಹಡಗಿನ ಸುತ್ತ ಮುಳ್ಳುತಂತಿ ಸುತ್ತಿಕೊಂಡು ಹೋದವರು.

1914ರಲ್ಲಿ ತೈ ಆನ್ ಎಂಬ ಹಡಗಿಗೆ ಕಳ್ಳರು ನುಗ್ಗಿ, ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಹಾಂಗ್ ಕಾಂಗ್ ಸರ್ಕಾರ ಕಾನೂನು ತಂದಿತು. ತೆರೆದ ಅಟ್ಟದಲ್ಲಿ ಕೂರುವ ಡೆಕ್ ಪ್ರಯಾಣಿಕರಿಗೂ ಅಧಿಕಾರಿಗಳು ನಿಂತು ಹಡಗು ನಡೆಸುವ ಬ್ರಿಡ್ಜಿಗೂ ನಡುವೆ ಕಬ್ಬಿಣದ ಜಾಲರಿ, ಬಂದೂಕಿನ ಕಾವಲು.

"ಒಳ್ಳೇದೇ ಅಲ್ವಾ ಭಾವ?" ಅಂದೆ.

"ಎಂತ ಒಳ್ಳೇದು ಮಾರಾಯ? ಕಾವಲಿನವ ನಾಲ್ಕು ಜನ, ಡೆಕ್ಕಲ್ಲಿ ಕೂತವರು ನೂರಾರು. ಜಾಲರಿ ಬಾಗಿಲು ಒಂದು ಸಲ ತೆರೆದ್ರೆ ಮುಗೀತು. ಬೆಂಕಿ ಬಿದ್ರೆ ಒಳಗಿದ್ದವ ಎಲ್ಲಿಗೆ ಓಡ್ಬೇಕು?"

ಅಂದಿನ ಹಡಗಿನ ಅಧಿಕಾರಿಗಳ ತಕರಾರೂ ಹೆಚ್ಚುಕಡಿಮೆ ಇದೇ. ಹತ್ತುವ ಮೊದಲೇ ಬಂದರಿನಲ್ಲಿ ಸರಿಯಾಗಿ ತಪಾಸಣೆ ಮಾಡಿ, ಕಾವಲಿಗೆ ಸರ್ಕಾರವೇ ಜನ ಕೊಡಲಿ ಅನ್ನೋದು ಅವರ ವಾದ. ಹಡಗು ನಿಮ್ಮದು, ಕಾವಲೂ ನಿಮ್ಮದೇ ಅಂತ ಸರ್ಕಾರ. ಖರ್ಚು ಯಾರ ತಲೆಗೆ ಅನ್ನೋದೇ ದೊಡ್ಡ ಜಗಳ. ಕೊಲ್ಲಿಗೇ ನುಗ್ಗಿ ಹೊಡೀರಿ ಅನ್ನುವವರೂ ಇದ್ದರು. 1927ರ ಮಾರ್ಚ್‌ನಲ್ಲಿ ಬ್ರಿಟಿಷ್ ನೌಕಾಪಡೆ ಬಯಾಸ್ ಕೊಲ್ಲಿಯ ಹಳ್ಳಿಗಳನ್ನು ಸುಟ್ಟೂ ಬಂತು. ಕಳ್ಳತನ ನಿಲ್ಲಲಿಲ್ಲ.

ಭಾವ ಜಾಸ್ತಿ ಹೊತ್ತು ಹೇಳಿದ್ದು ಸನ್ನಿಂಗ್ ಹಡಗಿನ ಕಥೆ. 1926ರ ನವೆಂಬರ್. ಕಳ್ಳರು ಹಡಗು ಹಿಡಿದರು, ಅಧಿಕಾರಿಗಳು ಬ್ರಿಡ್ಜನ್ನು ಮತ್ತೆ ಕಿತ್ತುಕೊಂಡರು. ಇವರನ್ನು ಹೊರಗೆ ಓಡಿಸಬೇಕು ಅಂತ ಕಳ್ಳರು ಕೆಳಗೆ ಬೆಂಕಿ ಇಟ್ಟರು. ಮೇಲಿದ್ದವರು ಲಂಗರು ಬಿಟ್ಟರು. ಹಡಗು ಗಾಳಿಗೆ ಮುಖ ಮಾಡಿ ತಿರುಗಿತು. ಹೊಗೆ, ಬೆಂಕಿ ಎಲ್ಲ ಹಿಂಭಾಗದಲ್ಲಿದ್ದ ಕಳ್ಳರ ಮೇಲೇ ಹೋಯಿತು. ಭಾವ ಅಂಗೈಯನ್ನೇ ಹಡಗು ಮಾಡಿ, ಬಾಯಲ್ಲಿ ಉಫ್ ಅಂತ ಊದಿ ತೋರಿಸಿದರು. ಪಕ್ಕದಲ್ಲಿದ್ದ ಶಾಲಾ ಮಕ್ಕಳು ಮ್ಯೂಸಿಯಂ ಬಿಟ್ಟು ಇವರನ್ನೇ ನೋಡುತ್ತಿದ್ದರು.

"ಹಾಗಾದ್ರೆ ನೀವು ಯಾರ ಕಡೆ?" ಅಂದೆ.

"ತಪಾಸಣೆ. ಆದ್ರೆ ನಾನು ಕಂಪನಿ ಮಾಲೀಕ ಆಗಿದ್ರೆ ಜಾಲರಿ ಅಂತಿದ್ದೆ. ಕಬ್ಬಿಣಕ್ಕೆ ತಿಂಗಳ ಸಂಬಳ ಇಲ್ಲ ನೋಡು."

ಬಯಾಸ್ ಕೊಲ್ಲಿ ಈಗಿನ ದಾಯಾ ಬೇ, ಅಣುವಿದ್ಯುತ್ ಸ್ಥಾವರ ಇರುವ ಜಾಗ. ಅಲ್ಲಿಗೆ ಹೋಗಲು ಚೀನಾ ವೀಸಾ ಬೇಕು, ನಮ್ಮ ಬಳಿ ಇರಲಿಲ್ಲ. ಹಾಂಗ್ ಕಾಂಗ್‌ಗೆ ಮಾತ್ರವಾದರೆ ಭಾರತೀಯರು ಮೊದಲೇ ಆನ್‌ಲೈನಲ್ಲಿ ನೋಂದಣಿ ಮಾಡಿಕೊಂಡರೆ ಸಾಕು. ಅದು ಉಚಿತ. ನಮ್ಮ ಟ್ರಾವೆಲ್ ಏಜೆಂಟ್ ಮಾತ್ರ ಅದಕ್ಕೂ ತಲೆಗಿಷ್ಟು ಅಂತ ದುಡ್ಡು ಕಿತ್ತ. ನೀವೇ ಮಾಡಿಕೊಳ್ಳಿ.