ನೀರಾ, ಹಾಲಾ?

ಮಂಗಳವಾರದಿಂದ ಈ ಎರಡು ಪದ ತಲೆಯಲ್ಲಿ ಸುತ್ತುತ್ತಲೇ ಇವೆ. ಕೇಳಿದವರು ಅನಸ್ತೇಷಿಯಾ ಡಾಕ್ಟರ್. ಉತ್ತರ ಹೇಳಬೇಕಿದ್ದವಳು ಅಮ್ಮ. ನಡುವೆ ಬಾಯಿ ಹಾಕಿದವಳು ನಾನು.

ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಹಿಂದಿನ ರಾತ್ರಿ ನರ್ಸ್ ಬಂದು, "ಹನ್ನೆರಡರ ಮೇಲೆ ಏನೂ ಇಲ್ಲ, ನೀರೂ ಇಲ್ಲ. ಬೆಳಿಗ್ಗೆ ಬಿಪಿ ಮಾತ್ರೆ ಮಾತ್ರ ಕೊಡಿ" ಅಂದು ಹೋದರು. ಮಾತ್ರೆ ಯಾವುದರ ಜೊತೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ರಾತ್ರಿ ಅಮ್ಮ ಎರಡು ಸಲ ನೀರು ಕೇಳಿದಳು. ಎರಡು ಸಲವೂ ಗದರಿದೆ. ಅಷ್ಟು ಶಿಸ್ತು ನನ್ನದು. ಬೆಳಿಗ್ಗೆ ಆರೂಕಾಲಿಗೆ ಮಾತ್ರೆ ಕೊಡುವಾಗ, ನೀರು ಬೇಡ ಅಂದಿದ್ದಾರಲ್ಲ, ಖಾಲಿ ಹೊಟ್ಟೆಗೆ ಮಾತ್ರೆ ಒಳ್ಳೇದೂ ಅಲ್ಲ ಅಂತ ಫ್ಲಾಸ್ಕಿನಲ್ಲಿದ್ದ ಹಾಲನ್ನು ಅರ್ಧ ಲೋಟ ಬಗ್ಗಿಸಿ ಕೊಟ್ಟೆ. ಆಗ ಅದು ಬುದ್ಧಿವಂತಿಕೆ ಅಂತಲೇ ಅನ್ನಿಸಿತ್ತು.

ಎಂಟೂವರೆಗೆ ಥಿಯೇಟರ್ ಪಕ್ಕದ ಕೋಣೆ. ಮಾಸಿದ ಹಸಿರು ಬಟ್ಟೆ ಹಾಕಿಕೊಂಡ ಒಬ್ಬರು ಬಂದರು. ಡಾಕ್ಟರ್ ಅಂತ ಗೊತ್ತಾಗಿದ್ದೇ ಅವರು ಪ್ರಶ್ನೆ ಶುರು ಮಾಡಿದ ಮೇಲೆ. ಹೆಸರು, ಯಾವ ಆಪರೇಷನ್, ಅಲುಗಾಡುವ ಹಲ್ಲು ಇದೆಯಾ, ತೂಕ ಇಳಿಸೋ ಇಂಜೆಕ್ಷನ್ ತಗೋತೀರಾ. ಅಮ್ಮ ನಕ್ಕುಬಿಟ್ಟಳು. "ಇರೋದೇ ನಲವತ್ತೈದು ಕೆಜಿ. ಇನ್ನೇನು ಇಳಿಸಲಿ ಡಾಕ್ಟ್ರೇ?" ಅವರೂ ನಕ್ಕರು. ಸುಮ್ನೆ ಕೇಳಿದ್ದಲ್ಲ ಅಂತ ಆಮೇಲೆ ಓದಿ ತಿಳಿಯಿತು. ತೂಕ ಇಳಿಸೋ ಸೆಮಗ್ಲುಟೈಡ್ ಥರದ ಔಷಧಿ ತಗೊಳ್ಳುವವರಲ್ಲಿ ಊಟ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಉಳಿಯಬಹುದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಆಮೇಲೆ ಆ ಪ್ರಶ್ನೆ.

"ಏನಾದ್ರೂ ತಿಂದ್ರಾ, ಕುಡಿದ್ರಾ?"

"ಇಲ್ಲ ಡಾಕ್ಟ್ರೇ, ರಾತ್ರಿಯಿಂದ ಏನೂ ಇಲ್ಲ." ಹೇಳಿದ್ದು ನಾನು.

"ಮಾತ್ರೆ ಜೊತೆ ಒಂಚೂರು..." ಅಂದಳು ಅಮ್ಮ.

"ನೀರಾ, ಹಾಲಾ?"

ಹೊದಿಕೆಯ ಮೇಲಿಂದಲೇ ಅಮ್ಮನ ಕಾಲು ಅದುಮಿದೆ. ನೀರು ಅಂದುಬಿಡಲಿ ಅಂತ. ಮೂರು ವಾರ ಕಾದು ಸಿಕ್ಕ ದಿನ, ನನ್ನ ರಜೆ ಮುಗಿಯುತ್ತಾ ಬಂದಿತ್ತು, ಅರ್ಧ ಲೋಟಕ್ಕೆ ಏನಾಗತ್ತೆ?

"ಹಾಲು. ಅರ್ಧ ಲೋಟ. ಆರೂಕಾಲಿಗೆ," ಅಂದಳು ಅಮ್ಮ.

ಅವರ ಪೆನ್ನು ನಿಂತಿತು.

ಸರ್ಜನ್ ಬಂದರು. ನಮಗೆಲ್ಲ ಅವರೆಂದರೆ ಪ್ರೀತಿ. ಚೀಟಿಯ ಹಿಂದೆ ಪಿತ್ತಕೋಶದ ಚಿತ್ರ ಬರೆದು ತೋರಿಸಿದ್ದರು. ಆವತ್ತು ಮಾತ್ರ ಗಡಿಯಾರ ನೋಡಿ, "ಅರ್ಧ ಲೋಟ ತಾನೇ?" ಅಂದರು. ನಾನು ಅಂದುಕೊಂಡಿದ್ದೂ ಅದೇ ಆದ್ದರಿಂದ ಅವರನ್ನು ಬೈಯುವ ಹಕ್ಕು ನನಗಿಲ್ಲ. "ಹಾಲು ಕುಡಿದು ಆರು ಗಂಟೆ ಆಗಲೇಬೇಕು ಸರ್," ಅಂದರು ಅನಸ್ತೇಷಿಯಾ ಡಾಕ್ಟರಮ್ಮ. ದನಿ ಏರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಸರ್ಜನ್ ಮುಂದಿನ ಪೇಷಂಟನ್ನು ಕರೆಸಿಕೊಂಡರು. ಅಮ್ಮನ ಸರದಿ ಮಧ್ಯಾಹ್ನ ಒಂದು ಗಂಟೆಗೆ ಹೋಯಿತು.

ಆಮೇಲೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಬೆರಳಿಂದ ತಮ್ಮ ಗಂಟಲು ತೋರಿಸಿ ಹೇಳಿದರು. "ನಮಗೆ ನೀರು ನೆತ್ತಿಗೇರಿದ್ರೆ ಕೆಮ್ಮಿ ಹೊರಗೆ ಹಾಕ್ತೀವಿ ಅಲ್ವಾ? ಅನಸ್ತೇಷಿಯಾ ಕೊಟ್ಟ ಮೇಲೆ ಆ ಕೆಮ್ಮೂ ಮಲಗಿಬಿಡತ್ತೆ." ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೇ ಇಳಿಯಬಹುದು. ನೀರು ಹೊಟ್ಟೆಯಿಂದ ಬೇಗ ಹೋಗಿಬಿಡುತ್ತದೆ. ಹಾಲು ಆಸಿಡ್ಡಿಗೆ ಒಡೆದು ಗಟ್ಟಿಯಾಗಿ ಕೂರುತ್ತದೆ, ಅದಕ್ಕೇ ಅದು ಊಟದ ಲೆಕ್ಕ. ಕೊನೆಗೆ ಅಂದರು: "ನೀರು ಕೊಡಬಹುದಿತ್ತಲ್ಲ? ಎರಡು ಗಂಟೆ ಮುಂಚಿನವರೆಗೂ ಕುಡೀಬಹುದು. ಈಗಲೂ ಕೊಡಿ, ಹನ್ನೊಂದರ ತನಕ."

ನಾನು ರಾತ್ರಿಯೆಲ್ಲ ಕೊಡದಿದ್ದ ನೀರು.

ಅಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿಕೊಂಡು, ತಳ ಕಾಣುವವರೆಗೂ ಕುಡಿದಳು. ಇನ್ನೊಂದು ಲೋಟ ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ, ಮೊಬೈಲಲ್ಲಿ ಓದುತ್ತಾ ಕೂತೆ. 1946ರಲ್ಲಿ ಮೆಂಡೆಲ್ಸನ್ ಅನ್ನುವ ಅಮೆರಿಕದ ಹೆರಿಗೆ ವೈದ್ಯರು 44,016 ಗರ್ಭಿಣಿಯರ ದಾಖಲೆ ನೋಡಿ, ಅನಸ್ತೇಷಿಯಾ ಕೊಟ್ಟಾಗ 66 ಜನರ ಶ್ವಾಸಕೋಶಕ್ಕೆ ಹೊಟ್ಟೆಯಲ್ಲಿದ್ದದ್ದು ಇಳಿದಿತ್ತು ಅಂತ ಬರೆದರು. ಆ ಭಯದ ಮೇಲೆ ರಾತ್ರಿ ಹನ್ನೆರಡರ ಮೇಲೆ ಏನೂ ಇಲ್ಲ ಅನ್ನುವ ಕಟ್ಟಳೆ ಗಟ್ಟಿಯಾಯಿತು. ನೀರಿಗೆ ಎರಡೇ ಗಂಟೆ ಸಾಕು ಅಂತ ಅಮೆರಿಕದ ಅದೇ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಬರೆದಿಟ್ಟಿದೆ. ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಂತೂ ಥಿಯೇಟರಿಗೆ ಕರೆಯುವವರೆಗೂ ಗುಟುಕು ಗುಟುಕಾಗಿ ನೀರು ಕೊಡುತ್ತಾರೆ. ನರ್ಸ್ ಮೇಲೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಇಳಿಯಿತು. ಹನ್ನೆರಡು ಗಂಟೆ ಅನ್ನುವುದು ಇಡೀ ವಾರ್ಡಿಗೆ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಾದ ಲೆಕ್ಕ. ಯಾರ ಸರದಿ ಎಷ್ಟಕ್ಕೆ, ಯಾರು ಎಷ್ಟರವರೆಗೆ ನೀರು ಕುಡಿಯಬಹುದು ಅಂತ ಹಾಸಿಗೆ ಹಾಸಿಗೆಗೂ ಕೂಡಿ ಕಳೆಯುವಷ್ಟು ಬಿಡುವು ಆಕೆಗೆಲ್ಲಿ?

ನನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಡಾಕ್ಟರ್ ಮುಂದೆ ಕೂತರೆ ನಾವೆಲ್ಲ ಪರೀಕ್ಷೆಗೆ ಕೂತ ಮಕ್ಕಳಾಗಿಬಿಡುತ್ತೇವೆ. ಮಾತ್ರೆ ಬಿಟ್ಟಿಲ್ಲ ಅನ್ನುತ್ತೇವೆ. ದಿನಾ ವಾಕಿಂಗ್ ಮಾಡ್ತೀವಿ ಅನ್ನುತ್ತೇವೆ. ನಮ್ಮಣ್ಣ ಸಿಗರೇಟನ್ನು ಯಾವತ್ತೋ ಬಿಟ್ಟಿದ್ದಾನೆ, ಡಾಕ್ಟರ್ ಕೋಣೆಯೊಳಗೆ ಮಾತ್ರ. ಅವರಿಗೆ ಬೇಕಾಗಿದ್ದು ಸರಿ ಉತ್ತರ ಅಲ್ಲ, ನಿಜವಾದ ಉತ್ತರ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೈ ತಾನಾಗಿಯೇ ಹೋಗಿ ಅಮ್ಮನ ಕಾಲು ಅದುಮಿತು.

ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಮನೆಗೆ ಬಂದಿದ್ದಾಳೆ. ನಿನ್ನೆ ಮಾತ್ರೆ ಕೊಡುವಾಗ ಲೋಟ ಕೈಗೆ ತಗೊಂಡು ಕೇಳಿದಳು, "ಅವತ್ತು ನಾನು ಬಾಯಿ ಬಿಡದೆ ಇದ್ದಿದ್ರೆ ನೀನು ಹೇಳ್ತಿದ್ಯಾ?"

"ಮೊದಲು ಮಾತ್ರೆ ನುಂಗು," ಅಂದೆ.